ಹಳೆಯ ಕಾರೇ ನಾಯಕನಾದ ಮಕ್ಕಳ ಚಿತ್ರಪುಸ್ತಕ ಸರಣಿ: ಬರೆಯುವವರು, ಬಿಡಿಸುವವರು, ಓದಿ ಹೇಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವೆಯ ಕನ್ನಡ ಸಂಘಗಳಲ್ಲಿ, ಭಾನುವಾರದ ಕನ್ನಡ ತರಗತಿಗಳಲ್ಲಿ, ಮನೆಗಳಲ್ಲಿ 4ರಿಂದ 8 ವರ್ಷದ ಮಕ್ಕಳಿಗೆಂದು ವಿಂಟೇಜ್ ಕಾರಿನ ಚಿತ್ರಪುಸ್ತಕ ಮಾಡಲು ಹೊರಟವರಿಗಾಗಿ ಈ ಪುಟ. ಕೆಳಗಿನ ಉತ್ತರಗಳೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಕಾರಿನ ಯಂತ್ರ ಪುಟದ ಮೇಲೂ ಸರಿಯಾಗಿ ಓಡಬೇಕು. ಹಳೆಯ ಕಾರು ಏಕೆ ನಿಲ್ಲುತ್ತದೆ, ಏಕೆ ಹೊರಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಕಥೆಯನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ವಿಂಟೇಜ್ ಎಂದರೆ ಯಾವ ಕಾಲದ ಕಾರು? ನಮ್ಮ ಪದ್ಮಿನಿ ಟ್ಯಾಕ್ಸಿ ವಿಂಟೇಜ್ ಆಗುತ್ತದೆಯೇ?

ಯಾರ ಲೆಕ್ಕ ಎಂಬುದರ ಮೇಲೆ ಹೋಗುತ್ತದೆ. ಹಳೆಯ ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐವಿಎ ಪ್ರಕಾರ 1919ರಿಂದ 1930ರವರೆಗಿನವು ಮಾತ್ರ ವಿಂಟೇಜ್. 1905ರಿಂದ 1918ರವರೆಗಿನವು ವೆಟರನ್. ಭಾರತ ಸರ್ಕಾರದ 2021ರ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ಕಾರು, ಬೈಕುಗಳೆಲ್ಲ ವಿಂಟೇಜ್. ಆ ಲೆಕ್ಕಕ್ಕೆ 1970ರ ದಶಕದ ಆರಂಭದ ಫಿಯೆಟ್ (ಪದ್ಮಿನಿಯ ಮೊದಲಿನ ರೂಪ) ಕೂಡ ಬಂದುಬಿಡುತ್ತದೆ. ಪುಸ್ತಕದ ಬೆನ್ನಿನಲ್ಲಿ ‘ವಿಂಟೇಜ್’ ಎಂದು ಹಾಕುವ ಮೊದಲು ಯಾವ ಲೆಕ್ಕವನ್ನು ಒಪ್ಪಿದ್ದೀರಿ ಎಂದು ತೀರ್ಮಾನಿಸಿಕೊಳ್ಳಿ. ಕಥೆಯ ಒಳಗೆ ಮಾತ್ರ ‘ಹಳೆ ಕಾರು’, ‘ಅಜ್ಜನ ಕಾರು’ ಎಂದರೆ ಸಾಕು, ಮಕ್ಕಳಿಗೆ ಅದೇ ಹತ್ತಿರ.

ಹಾಗಾದರೆ ನಾಯಕನಾಗಿ ಯಾವ ಕಾರನ್ನು ಆರಿಸಿಕೊಳ್ಳಬೇಕು?

ಮೂರು ಕಾರುಗಳು ಮತ್ತೆ ಮತ್ತೆ ಚರ್ಚೆಗೆ ಬರುತ್ತವೆ.

ಫೋರ್ಡ್ ಮಾಡೆಲ್ ಟಿ 1908ರಿಂದ 1927ರವರೆಗೆ ತಯಾರಾಯಿತು. ಮಕ್ಕಳ ಕಥೆಗೆ ಇದರಷ್ಟು ಒದಗುವ ಕಾರು ಇನ್ನೊಂದಿಲ್ಲ, ಏಕೆಂದರೆ ಇದರಲ್ಲಿ ಎಲ್ಲವೂ ಇಂದಿನ ಕಾರಿಗಿಂತ ಬೇರೆ. ಪೆಡಲ್ ಮೂರು: ಎಡಗಡೆಯದು ನಿಧಾನ ಮತ್ತು ವೇಗದ ಗೇರು, ನಡುವಿನದು ಹಿಂದೆ ಹೋಗಲು, ಬಲಗಡೆಯದು ಬ್ರೇಕು. ಆಕ್ಸಿಲರೇಟರ್ ಕಾಲಿನಲ್ಲಿಲ್ಲ, ಸ್ಟಿಯರಿಂಗ್ ಚಕ್ರದ ಕೆಳಗೆ ಬಲಗಡೆ ಸಣ್ಣ ಕಡ್ಡಿಯಾಗಿದೆ. ಎಡಗಡೆಯ ಕಡ್ಡಿ ಕಿಡಿಯ ಸಮಯವನ್ನು ಹಿಂದೆ ಮುಂದೆ ಮಾಡುತ್ತದೆ. ಪೆಟ್ರೋಲ್ ಟ್ಯಾಂಕ್ ಸೀಟಿನ ಅಡಿಯಲ್ಲಿ. ಎಷ್ಟಿದೆ ಎಂದು ನೋಡಲು ಸೀಟು ಎತ್ತಿ ಕೋಲು ಅದ್ದಬೇಕು.

ಆಸ್ಟಿನ್ ಸೆವೆನ್ (1922–1939) ಪುಟಾಣಿ ಕಾರು. ಅದರ 747 ಸಿಸಿ ಎಂಜಿನ್ ಇಂದಿನ ಹಲವು ಬೈಕುಗಳ ಎಂಜಿನ್‌ಗಿಂತ ಚಿಕ್ಕದು. ‘ದೊಡ್ಡವರ ನಡುವೆ ಸಣ್ಣವನು’ ಎಂಬ ಕಥೆಗೆ ಸರಿಯಾದ ಗಾತ್ರ.

ಮೂರನೆಯದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯೆಟ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿ ಅದು. 1100 ಡಿಲೈಟ್ ಎಂದು ಬಂದ ಕಾರು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಕಂಬದ ಮೇಲೆಯೇ ಗೇರಿನ ಕಡ್ಡಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿತ್ತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಕಾಲೀ-ಪೀಲೀ ಪದ್ಮಿನಿ ಮುಂಬಯಿಯ ರಸ್ತೆಯಲ್ಲಿಲ್ಲ.

ನಮ್ಮ ಅಭಿಪ್ರಾಯ: ಮುಂಬಯಿ ಮಕ್ಕಳಿಗೆ ಮೊದಲ ಸರಣಿ ಮಾಡುವವರು ಫಿಯೆಟ್‌ನಿಂದ ಶುರುಮಾಡಿ. ಅಜ್ಜ ಅಜ್ಜಿಯರು ಅದರಲ್ಲಿ ಕೂತವರು. ಓದುವಾಗ ಮಧ್ಯೆ ಬಾಯಿ ಹಾಕುತ್ತಾರೆ, ಆ ಮಾತೂ ಕನ್ನಡದಲ್ಲೇ ಬರುತ್ತದೆ. ಯಂತ್ರದ ಕುತೂಹಲವೇ ಮುಖ್ಯ ಎನ್ನುವವರಿಗೆ ಮಾಡೆಲ್ ಟಿ. ಯಾವುದನ್ನೇ ಆರಿಸಿ, ಒಂದರ ಹ್ಯಾಂಡಲ್, ಇನ್ನೊಂದರ ಲಾಂದ್ರ, ಮತ್ತೊಂದರ ಬಾನೆಟ್ ಸೇರಿಸಿ ಎಲ್ಲೂ ಇಲ್ಲದ ಕಾರನ್ನು ಮಾತ್ರ ಮಾಡಬೇಡಿ. ಹಾಗೆ ಮಾಡಿದ ಕಾರಿಗೆ ಎರಡನೆಯ ಪುಸ್ತಕದಲ್ಲಿ ಏನು ಕೆಡಬಹುದು ಎಂದು ಬರೆದವರಿಗೇ ಗೊತ್ತಿರುವುದಿಲ್ಲ.

ಸರಣಿಯಲ್ಲಿ ಎಷ್ಟು ಪುಸ್ತಕ? ಪ್ರತಿ ಪುಸ್ತಕಕ್ಕೂ ಹೊಸ ಕಥೆ ಎಲ್ಲಿಂದ?

ಆರು ಸಾಕು. ಒಂದು ಪುಸ್ತಕಕ್ಕೆ ಒಂದೇ ತೊಂದರೆ, ಒಂದೇ ಪರಿಹಾರ: ಬೆಳಗ್ಗೆ ಸ್ಟಾರ್ಟ್ ಆಗದಿರುವುದು, ಘಾಟಿನಲ್ಲಿ ಕುದಿಯುವುದು, ಮಳೆಯಲ್ಲಿ ನಿಲ್ಲುವುದು, ಪಂಕ್ಚರ್, ಪೆಟ್ರೋಲ್ ಮುಗಿಯುವುದು, ರಾತ್ರಿಯ ದೀಪ. ಪರಿಹಾರ ಪವಾಡದಿಂದ ಬರಬಾರದು. ‘ಎಲ್ಲರೂ ಪ್ರೀತಿಯಿಂದ ಕೂಗಿದರು, ಕಾರು ಹೊರಟಿತು’ ಎಂದು ಬರೆದರೆ ಐದು ವರ್ಷದ ಮಗುವೂ ಒಪ್ಪುವುದಿಲ್ಲ. ತೊಟ್ಟಿಯ ನೀರಿನಲ್ಲಿ ಟ್ಯೂಬನ್ನು ಮುಳುಗಿಸಿ, ಗುಳ್ಳೆ ಬರುವ ಜಾಗ ಹುಡುಕಿ, ಒರೆಸಿ ಒಣಗಿಸಿ, ಉಜ್ಜಿ ಒರಟು ಮಾಡಿ, ಸೊಲ್ಯೂಷನ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು, ಆಮೇಲೆ ಪ್ಯಾಚ್ ಒತ್ತುವುದು: ಈ ಕ್ರಮವೇ ಪುಸ್ತಕದ ಹನ್ನೊಂದು ಚಿತ್ರಗಳಲ್ಲಿ ಐದನ್ನು ತುಂಬಿಕೊಡುತ್ತದೆ. ಗುಳ್ಳೆ ಎಲ್ಲಿಂದ ಬರುತ್ತಿದೆ ಎಂದು ಮಗುವೇ ಬೆರಳಿಟ್ಟು ತೋರಿಸಲಿ.

ದೀಪದ ಪುಸ್ತಕಕ್ಕೊಂದು ಸುಳಿವು. 1915ರ ಸುಮಾರಿನ ಮಾಡೆಲ್ ಟಿ ಕಾರಿನ ದೀಪಗಳಿಗೆ ವಿದ್ಯುತ್ ಬರುತ್ತಿದ್ದುದು ಎಂಜಿನ್ನಿನ ಮ್ಯಾಗ್ನೆಟೊದಿಂದ (ಎಂಜಿನ್ ತಿರುಗಿದಾಗ ಅಯಸ್ಕಾಂತಗಳಿಂದ ವಿದ್ಯುತ್ ಹುಟ್ಟಿಸುವ ಭಾಗ). ಕಾರು ಜೋರಾಗಿ ಓಡಿದರೆ ಬೆಳಕು ಜೋರು, ನಿಧಾನವಾದರೆ ಮಂಕು. ಅದಕ್ಕೂ ಹಿಂದಿನ ದೀಪಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿ ಅಸಿಟಿಲೀನ್ ಅನಿಲ ಹುಟ್ಟಿ ಉರಿಯುತ್ತಿತ್ತು. ಕತ್ತಲಿಗೆ ಹೆದರುವ ಕಾರು ಓಡಿದಷ್ಟೂ ಬೆಳಕಾಗುತ್ತದೆ ಎಂಬುದು ಕಟ್ಟುಕಥೆಯಲ್ಲ, ಯಂತ್ರ ಇದ್ದದ್ದೇ ಹಾಗೆ.

ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವುದನ್ನು ಯಾವ ಕ್ರಮದಲ್ಲಿ ತೋರಿಸಬೇಕು?

ಮಾಡೆಲ್ ಟಿ ಲೆಕ್ಕದಲ್ಲಿ ಹೀಗೆ:

1. ಕೈಬ್ರೇಕಿನ ಸನ್ನೆಕೋಲನ್ನು ಪೂರ್ತಿ ಹಿಂದಕ್ಕೆ ಎಳೆಯುವುದು. ಈ ಕಾರಿನಲ್ಲಿ ಅದೇ ಗೇರನ್ನು ನ್ಯೂಟ್ರಲ್‌ಗೂ ತರುತ್ತದೆ.
2. ಎಡಗಡೆಯ ಕಿಡಿಯ ಕಡ್ಡಿ ಪೂರ್ತಿ ಮೇಲೆ, ಬಲಗಡೆಯ ಕಡ್ಡಿ ತುಸು ಕೆಳಗೆ.
3. ರೇಡಿಯೇಟರ್ ಪಕ್ಕದ ಚೋಕ್ ತಂತಿ ಎಳೆದು, ಹ್ಯಾಂಡಲನ್ನು ಕಾಲು ಸುತ್ತಿನಂತೆ ಒಂದೆರಡು ಸಲ ಮೇಲಕ್ಕೆಳೆದು ಪೆಟ್ರೋಲ್ ಒಳಗೆ ಬರಿಸಿ, ತಂತಿ ಬಿಡುವುದು.
4. ಸ್ವಿಚ್ ಹಾಕಿ, ಎಡಗೈಯಿಂದ ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆಲೇ ಎಳೆಯುವುದು.
5. ಎಂಜಿನ್ ಹಿಡಿದ ಮೇಲೆ ಕಿಡಿಯ ಕಡ್ಡಿಯನ್ನು ಕೆಳಗೆ ತರುವುದು.

ಎರಡನೆಯ ಹೆಜ್ಜೆ ಮರೆತರೆ ಕಿಡಿ ಬೇಗ ಹತ್ತಿ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಕಾಲದಲ್ಲಿ ಮಣಿಕಟ್ಟು ಮುರಿದುಕೊಂಡವರು ಅನೇಕರು. ಅದಕ್ಕೇ ಹೆಬ್ಬೆರಳು ಹ್ಯಾಂಡಲನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಚಿತ್ರದಲ್ಲಿ ಕೈ ಬಿಡಿಸುವಾಗ ಇದನ್ನು ತಪ್ಪಿಸಬೇಡಿ. ಈ ಒಂದು ಬೆರಳನ್ನು ನೋಡಿಯೇ ತಿಳಿದವರು ಪುಸ್ತಕವನ್ನು ಅಳೆಯುತ್ತಾರೆ. ಹ್ಯಾಂಡಲ್ ತಿರುಗಿಸುವವರು ದೊಡ್ಡವರೇ ಆಗಿರಲಿ. ಮಗು ಸೀಟಿನಲ್ಲಿ ಕೂತು ಎಣಿಸಲಿ: ಒಂದು, ಎರಡು, ಮೂರು, ಡರ್!

ಖಂಡಾಲ ಘಾಟಿನಲ್ಲಿ ಕಾರು ಕುದಿಯುವ ಕಥೆ ಬರೆಯುತ್ತಿದ್ದೇವೆ. ಎಂಜಿನ್ ನಿಜವಾಗಿ ಏಕೆ ಕುದಿಯುತ್ತದೆ?

ಮಾಡೆಲ್ ಟಿ ಎಂಜಿನ್‌ಗೆ, ತೀರ ಮೊದಲಿನ ಕೆಲವು ಕಾರುಗಳನ್ನು ಬಿಟ್ಟರೆ, ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಮೇಲೇರಿ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ತಣಿದು ಭಾರವಾಗಿ ಕೆಳಗಿಳಿದು ಮತ್ತೆ ಎಂಜಿನ್‌ಗೆ ಬರುತ್ತದೆ. ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಈ ಸುತ್ತಾಟ ನಿಂತು ಕುದಿಯಲು ಶುರು. ಏರಿನಲ್ಲಿ ಎಂಜಿನ್ ಕಷ್ಟಪಡುತ್ತದೆ, ವೇಗ ಕಡಿಮೆ, ಮುಂದಿನಿಂದ ಬೀಸುವ ಗಾಳಿಯೂ ಕಡಿಮೆ. ಫಿಯೆಟ್‌ನಲ್ಲಿ ಪಂಪ್ ಇದೆ. ಅಲ್ಲಿ ಕಾರಣ ಸಡಿಲವಾದ ಫ್ಯಾನ್ ಬೆಲ್ಟ್, ಸೋರುವ ಹೋಸ್, ಕಸ ಕಟ್ಟಿದ ರೇಡಿಯೇಟರ್.

ಪರಿಹಾರ: ಕಾರನ್ನು ಬದಿಗೆ ನಿಲ್ಲಿಸಿ, ಬಾನೆಟ್ ತೆರೆದು, ತಣಿಯುವವರೆಗೆ ಕಾಯುವುದು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಹಬೆ, ಕುದಿನೀರು ಮುಖಕ್ಕೇ ಹಾರುತ್ತದೆ. ತಣಿದ ಮೇಲೆ ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ಮುಚ್ಚಳ ತೆಗೆದು, ಎಂಜಿನ್ ಚಾಲೂ ಇಟ್ಟು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಬಿಸಿ ಕಬ್ಬಿಣಕ್ಕೆ ತಣ್ಣೀರು ಒಮ್ಮೆಲೇ ಸುರಿದರೆ ಬಿರುಕು ಬಿಡಬಹುದು. ಕಾಯುವ ಹೊತ್ತೇ ಈ ಪುಸ್ತಕದ ಹೊಟ್ಟೆ. ಹಸಿರು ಬೆಟ್ಟ, ಸುರಂಗ ಹೊಕ್ಕು ಹೊರಡುವ ರೈಲು, ಚಿಕ್ಕಿ ಮಾರುವವರು, ಮಂಗಗಳು: ಬೇಕಾದಷ್ಟು ನೋಡುವುದಿದೆ. ಕಾರನ್ನು ಎಕ್ಸ್‌ಪ್ರೆಸ್ ವೇ ಮೇಲೆ ಬಿಡಬೇಡಿ, ಹಳೆಯ ಮುಂಬಯಿ–ಪುಣೆ ರಸ್ತೆಯೇ ಸರಿ. ಮಾಡೆಲ್ ಟಿ ಎಷ್ಟೇ ಓಡಿದರೂ ಗಂಟೆಗೆ 65–70 ಕಿಲೋಮೀಟರ್.

ಇನ್ನೊಂದು ಚೆಂದದ ಸಂಗತಿ. ಈ ಕಾರಿನಲ್ಲಿ ಪೆಟ್ರೋಲ್ ಪಂಪೂ ಇಲ್ಲ, ಎತ್ತರದ ಟ್ಯಾಂಕಿನಿಂದ ತಾನಾಗಿ ಇಳಿದು ಬರಬೇಕು. ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದು, ಏರು ಬಹಳ ಕಡಿದಾಗಿದ್ದರೆ, ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲ್ ತಲುಪುವುದಿಲ್ಲ. ಆಗ ಚಾಲಕರು ಕಾರನ್ನು ತಿರುಗಿಸಿ ಹಿಂದು ಹಿಂದಾಗಿ ಬೆಟ್ಟ ಹತ್ತಿಸುತ್ತಿದ್ದರು. ಗೋವೆಯಿಂದ ಬರುವ ಅಂಬೋಲಿ ಘಾಟಿನಲ್ಲಿ ಕಾರೊಂದು ಹಿಮ್ಮುಖವಾಗಿ ಹತ್ತುವ ಚಿತ್ರವನ್ನು ಎರಡು ಪುಟಕ್ಕೂ ಹರಡಿ ಬಿಡಿಸಿ.

ಮುಂಬಯಿ ಮಳೆಯಲ್ಲಿ ಕಾರು ನಿಂತುಹೋಗುವುದು ಹೇಗೆ?

ಹಿಂದ್‌ಮಾತಾ, ಸಯನ್ ಕಡೆ ನೀರು ತುಂಬುವುದನ್ನು ಮಕ್ಕಳು ಕಂಡಿರುತ್ತಾರೆ, ಹಾಗಾಗಿ ಇಲ್ಲಿ ಸುಳ್ಳು ನಡೆಯದು. ಚಕ್ರದಿಂದ ಎರಚಿದ ನೀರು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಮುಚ್ಚಳ, ಪ್ಲಗ್ ವೈರುಗಳ ಮೇಲೆ ಬಿದ್ದರೆ ಕಿಡಿ ದಾರಿ ತಪ್ಪುತ್ತದೆ. ಎಂಜಿನ್ ಮೊದಲು ಕೆಮ್ಮಿ, ಕುಲುಕಿ, ಆಮೇಲೆ ನಿಲ್ಲುತ್ತದೆ. ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ವೈರುಗಳನ್ನು ಒಂದೊಂದಾಗಿ ಒರೆಸಿ ಅದೇ ಕ್ರಮದಲ್ಲಿ ಹಾಕಬೇಕು. ಕ್ರಮ ತಪ್ಪಿದರೆ ಎಂಜಿನ್ ಸೀನುತ್ತದೆ, ಹೊರಡುವುದಿಲ್ಲ. ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು ಈ ದೃಶ್ಯದಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ನೀರು ಎಂಜಿನ್ನಿನ ಒಳಗೇ ನುಗ್ಗಿದ್ದರೆ ಸ್ಟಾರ್ಟ್ ಮಾಡಲು ಹೋಗಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಳದ ನೀರಿನ ಕಥೆಯಾದರೆ ತಳ್ಳಿಕೊಂಡೇ ಗ್ಯಾರೇಜಿಗೆ ಹೋಗಲಿ. ಜೊತೆಗೆ, ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಒಣಗಿಸಬೇಕು.

ಎಂಜಿನ್ನಿನ ನಿರ್ವಾತದಿಂದ ಓಡುವ ವೈಪರ್ ಇದ್ದ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿ ಏರು ಹತ್ತುವಾಗ ವೈಪರ್ ನಿಧಾನವಾಗುತ್ತಿತ್ತು, ಬಿಟ್ಟಾಗ ಚಟಚಟನೆ ಓಡುತ್ತಿತ್ತು. ಮಳೆಯ ಪುಸ್ತಕಕ್ಕೆ ಇದು ತಾಳ ಕೊಡುತ್ತದೆ.

ಕಾರಿಗೆ ಕಣ್ಣು, ಬಾಯಿ ಬಿಡಿಸಬೇಕೆ?

ಬೇಡ ಎಂಬುದು ನಮ್ಮ ಗಟ್ಟಿ ನಿಲುವು. ಗಾಜಿನ ಮೇಲೆ ಕಣ್ಣು ಬಿಡಿಸಿದರೆ ಒಳಗಿನ ಅಜ್ಜನೂ ಮಗುವೂ ಕಾಣುವುದಿಲ್ಲ. ದೀಪದಲ್ಲಿ ಕಣ್ಣಿಟ್ಟರೆ ರಾತ್ರಿಯ ಪುಟದಲ್ಲಿ ತೊಡಕು. ಹಳೆಯ ಕಾರಿಗೆ ಬೇರೆಯೇ ಅಂಗಗಳಿವೆ: ಎರಡೂ ಬದಿಗೆ ತೆರೆಯುವ ಬಾನೆಟ್ ರೆಕ್ಕೆ, ರಬ್ಬರ್ ಚೆಂಡಿನ ಹಾರ್ನ್, 1930–50ರ ದಶಕದ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ಹೊರಚಾಚುವ ಕಿತ್ತಳೆ ಬಣ್ಣದ ಕೈ. ತಿರುಗುವ ದಿಕ್ಕು ತೋರಿಸುವ ಈ ಕೈ ಆಗಾಗ ಸಿಕ್ಕಿಕೊಳ್ಳುತ್ತಿತ್ತು, ಒಳಗಿನಿಂದ ಕಂಬಕ್ಕೊಂದು ಗುದ್ದು ಕೊಟ್ಟರೆ ಟಪ್ಪನೆ ಏಳುತ್ತಿತ್ತು. ಇವುಗಳಿಂದಲೇ ಕಾರು ಸಂತೋಷ, ಹಟ, ನಾಚಿಕೆ ಎಲ್ಲವನ್ನೂ ತೋರಿಸಬಲ್ಲದು.

ಚಿತ್ರ ಬಿಡಿಸುವವರು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಸ್ಟಿಯರಿಂಗ್‌ನಲ್ಲಿ. ಅಮೆರಿಕದ ಫೋಟೊ ನೋಡಿ ಬಿಡಿಸಿದರೆ ಸ್ಟಿಯರಿಂಗ್ ಎಡಕ್ಕೆ ಬರುತ್ತದೆ. ಭಾರತದ ರಸ್ತೆಯಲ್ಲಿ ಅದು ಬಲಕ್ಕೆ. ಪುಟಕ್ಕೆ ಹೊಂದಲಿ ಎಂದು ಮುಗಿದ ಚಿತ್ರವನ್ನು ಎಡ ಬಲ ತಿರುವಿ ಹಾಕಿದಾಗಲೂ ಇದೇ ಆಗುತ್ತದೆ, ಜೊತೆಗೆ ನಂಬರ್ ಪ್ಲೇಟಿನ ಅಕ್ಷರ ಕನ್ನಡಿಯಂತೆ ಉಲ್ಟಾ.

ಎರಡನೆಯದು ಚಕ್ರದ ಕಡ್ಡಿಗಳು. ಮಾಡೆಲ್ ಟಿ ಮರದ ಚಕ್ರಕ್ಕೆ 12 ಕಡ್ಡಿ. ಮೊದಲ ಪುಟದಲ್ಲಿ 12, ಕೊನೆಯದರಲ್ಲಿ 9 ಆದರೆ ಎಣಿಸುವ ಮಗು ಖಂಡಿತ ಹಿಡಿಯುತ್ತದೆ. ಇದಕ್ಕೆ ಉಪಾಯ, ಕಥೆಯ ಚಿತ್ರ ಶುರುಮಾಡುವ ಮೊದಲೇ ಒಂದು ಮಾದರಿ ಹಾಳೆ: ಮುಂದೆ, ಹಿಂದೆ, ಎರಡು ಬದಿ, ಮೇಲಿನಿಂದ, ಓರೆಯಾಗಿ. ಎರಡು ಬದಿಯನ್ನೂ ಬೇರೆ ಬೇರೆ ಬಿಡಿಸಬೇಕು, ಸ್ಟೆಪ್ನಿ ಒಂದೇ ಬದಿಯ ಫುಟ್‌ಬೋರ್ಡಿನಲ್ಲಿ ಇರಬಹುದು. 1:18 ಅಳತೆಯ ಮಾದರಿ ಕಾರು ಸಿಕ್ಕರೆ ಮೇಜಿನ ಮೇಲಿಟ್ಟುಕೊಳ್ಳಿ. ಯಾವ ಕೋನದಿಂದ ಬೇಕಾದರೂ ನೋಡಬಹುದು, ನೆರಳೂ ಸಿಗುತ್ತದೆ. ಬಣ್ಣದ ಮಾತು: ಮಾಡೆಲ್ ಟಿ ಕಪ್ಪಿನಲ್ಲಿ ಮಾತ್ರ ಬಂದದ್ದು 1914ರಿಂದ 1925ರವರೆಗೆ. ಅದಕ್ಕೆ ಮೊದಲೂ ಆಮೇಲೂ ಬೇರೆ ಬಣ್ಣಗಳಿದ್ದವು, ಧೈರ್ಯವಾಗಿ ಹಚ್ಚಿ.

ಟ್ಯಾಕ್ಸಿಯಾದರೆ ಹಳೆಯ ಯಾಂತ್ರಿಕ ಮೀಟರು ಕಾರಿನ ಒಳಗಲ್ಲ, ಹೊರಗೆ, ಎಡಗಡೆ ಬಾನೆಟ್ ಪಕ್ಕದಲ್ಲಿ. ಚಾಲಕ ಎಡಗಡೆಯ ಕಿಟಕಿಯಿಂದ ಕೈ ಚಾಚಿ ಅದರ ಬಾವುಟ ಕೆಳಗೆ ಮಾಡುವುದು ಪ್ರಯಾಣ ಶುರುವಾದ ಗುರುತು.

ಹಿನ್ನೆಲೆಯ ಮುಂಬಯಿ ಯಾವ ವರ್ಷದ್ದಿರಬೇಕು?

ವರ್ಷ ಮೊದಲು, ಚಿತ್ರ ಆಮೇಲೆ. ಮುಂಬಯಿಯ ಟ್ರಾಮ್ ನಿಂತದ್ದು 1964ರ ಮಾರ್ಚ್ 31ರಂದು. 1950ರ ದಶಕದ ಕಥೆಯಾದರೆ ದಾದರ್, ಕಿಂಗ್ಸ್ ಸರ್ಕಲ್‌ನಲ್ಲಿ ಟ್ರಾಮ್ ಇರಲೇಬೇಕು. ಬಾಂದ್ರಾ–ವರ್ಲಿ ಸೀಲಿಂಕ್ 2009ರದ್ದು. ಡೀಸೆಲ್ ಡಬಲ್ ಡೆಕರ್ ಬೆಸ್ಟ್ ಬಸ್ 2023ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಯಿತು. ಮಾಟುಂಗದ ಉಡುಪಿ ಹೋಟೆಲುಗಳು, ಹೂವಿನ ಅಂಗಡಿಗಳು 1940ರ ದಶಕದಿಂದ ಈಚಿನ ಯಾವ ದಶಕಕ್ಕೂ ಸಲ್ಲುತ್ತವೆ. ಬಿಡಿಭಾಗ ಹುಡುಕುವ ಪುಸ್ತಕವಿದ್ದರೆ ಚೋರ್ ಬಜಾರ್ ಅಥವಾ ಕುರ್ಲಾದ ಸಿಎಸ್‌ಟಿ ರಸ್ತೆ. ರಾಶಿ ರಾಶಿ ಹಾರ್ನು, ಹಬ್‌ಕ್ಯಾಪು, ದೀಪಗಳ ನಡುವೆ ನಮ್ಮ ಕಾರಿನ ಒಂದೇ ಒಂದು ಹಿಡಿಕೆ ಹುಡುಕಿಸುವ ಪುಟ ಮಾಡಿದರೆ ಮಕ್ಕಳು ಪುಸ್ತಕ ಕೆಳಗಿಡುವುದಿಲ್ಲ. ಗೋವೆಯಲ್ಲಿ ರೈಬಂದರ್–ಚೋರಾಂವ್ ಫೆರ್ರಿ: ಕಾರು ಹತ್ತಿದ ಮೇಲೆ ಕೈಬ್ರೇಕು, ಚಕ್ರಕ್ಕೆ ಮರದ ಅಡ್ಡಗಟ್ಟೆ, ಎಂಜಿನ್ ಬಂದ್.

ನಂಬರ್ ಪ್ಲೇಟಿನಲ್ಲಿ ಏನು ಬರೆಯುವುದು?

ಇಂದಿನ ಕಥೆಯಲ್ಲಿ, ವಿಂಟೇಜ್ ಎಂದು ನೋಂದಾಯಿಸಿದ ಕಾರಾದರೆ: ರಾಜ್ಯದ ಎರಡಕ್ಷರ, ನಂತರ ‘ವಿಎ’, ಎರಡಕ್ಷರದ ಸರಣಿ, ನಾಲ್ಕಂಕಿ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ಹಾಗಾಗಿ ‘ದಿನಾ ಶಾಲೆಗೆ ಬಿಡುವ ಕಾರು’ ಎಂಬ ಕಥೆಗೆ ಹಳೆಯ ಕಾಲವೇ ಬೇಕು. ಹಳೆಯ ಕಾಲದ ಖಾಸಗಿ ಕಾರಿಗೆ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ಅಂಕಿ 0000 ಎಂದು ಹಾಕಿದರೆ ಯಾರ ನಿಜವಾದ ಕಾರಿಗೂ ತಾಗುವುದಿಲ್ಲ.

ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಭಾಷೆ ಹೇಗಿರಬೇಕು?

ಮರಾಠಿ ಕಲಿತ ಮಗುವಿಗೆ ಅಕ್ಷರಮಾಲೆಯ ಕ್ರಮ ಆಗಲೇ ಗೊತ್ತು. ತೊಡಕು ಮೂರು ಕಡೆ: ಎ–ಏ, ಒ–ಓ ಭೇದ, ಒತ್ತಕ್ಷರ, ಅರ್ಕಾವತ್ತು. ಮೊದಲ ಎರಡು ಪುಸ್ತಕಗಳಲ್ಲಿ ಅದದೇ ಅಕ್ಷರದ ಒತ್ತು ಮಾತ್ರ ಬರಲಿ: ಅಜ್ಜ, ಹಳ್ಳ, ಬೆಟ್ಟ, ಚಕ್ಕೆ. ‘ಯಂತ್ರ’, ‘ಚಕ್ರ’, ‘ರಸ್ತೆ’ ಆಮೇಲೆ. ಒಂದು ಪುಸ್ತಕಕ್ಕೆ 250ರಿಂದ 350 ಪದ, ಒಂದು ಹರವಿಗೆ (ಎದುರು ಬದುರಿನ ಎರಡು ಪುಟಕ್ಕೆ) ಮೂರು ನಾಲ್ಕು ಸಾಲು. ಲೊಡಲೊಡ, ಗಡಗಡ, ಬುಸ್, ಪೋಂ ಪೋಂ: ಸದ್ದಿನ ಪದಗಳಲ್ಲಿ ಕನ್ನಡ ಬಹಳ ಶ್ರೀಮಂತ, ಹಳೆಯ ಕಾರಿಗೆ ಅವು ಎಲ್ಲ ಕಡೆಯೂ ಬೇಕು. ಬ್ರೇಕು, ಗೇರು, ಟಯರು ಹಾಗೇ ಇರಲಿ. ‘ಗತಿರೋಧಕ’ ಎಂದು ಬರೆದರೆ ಓದಿ ಹೇಳುವ ತಂದೆಯೇ ತಡವರಿಸುತ್ತಾರೆ.

ಮಾತು ಬರುವ ಕಡೆ ಮುಂಬಯಿಯ ಕನ್ನಡ ಒಂದೇ ಬಗೆಯದಲ್ಲ ಎಂಬುದನ್ನು ಬಳಸಿಕೊಳ್ಳಿ. ಕರಾವಳಿಯ ಹೋಟೆಲಿನವರು ‘ಎಂತ ಆಯ್ತು ಮಾರಾಯ್ರೆ?’ ಎನ್ನಲಿ, ಸೊಲ್ಲಾಪುರ ಕಡೆಯ ಮೆಕ್ಯಾನಿಕ್ ‘ಗಾಡಿ ಯಾಕ ನಿಂತದ?’ ಎನ್ನಲಿ. ನಿರೂಪಣೆ ಸರಳ ಬರಹದ ಕನ್ನಡದಲ್ಲಿ. ಕಾರು ‘ಬಂತು’ವೋ, ‘ಬಂದ’ನೋ ಎಂಬುದನ್ನು ಮೊದಲ ಪುಸ್ತಕದಲ್ಲೇ ನಿರ್ಧರಿಸಿ ಆರರಲ್ಲೂ ಅದನ್ನೇ ಉಳಿಸಿ.

ಅಕ್ಷರ ಜೋಡಿಸುವಾಗ ಒತ್ತು ಕಿತ್ತುಹೋಗುತ್ತದೆ. ಏನು ಮಾಡುವುದು?

ಬರಹವೆಲ್ಲ ಯೂನಿಕೋಡ್‌ನಲ್ಲೇ ಇರಲಿ. ಇನ್‌ಡಿಸೈನ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ) ಪ್ಯಾರಾಗ್ರಾಫ್ ಸೆಟ್ಟಿಂಗಿನ ಕಂಪೋಸರನ್ನು ‘ವರ್ಲ್ಡ್-ರೆಡಿ’ಗೆ ಬದಲಿಸದಿದ್ದರೆ ಒತ್ತಕ್ಷರಗಳು ಬಿಡಿ ಬಿಡಿಯಾಗುತ್ತವೆ, ಹತ್ತರಲ್ಲಿ ಒಂಬತ್ತು ದೂರು ಇದೇ. ಫಾಂಟಿಗೆ ಬಲೂ ತಮ್ಮ (ಮುಂಬಯಿಯ ಏಕ್ ಟೈಪ್ ತಂಡದ್ದು) ಅಥವಾ ನೋಟೊ ಸೆರಿಫ್ ಕನ್ನಡ, ಎರಡೂ ಉಚಿತ. ಗಾತ್ರ 20–24 ಪಾಯಿಂಟ್, ಸಾಲಿನ ಅಂತರ ಅದರ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. ಕನ್ನಡದ ಒತ್ತು ಕೆಳಗಿಳಿಯುತ್ತದೆ, ಮುಂದಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ‘ಬಾನೆಟ್‌ನ’ ಎಂಬಲ್ಲಿ ನ ಒತ್ತಾಗದಂತೆ ನಡುವೆ ಜೋಡಿಸದ ಶೂನ್ಯ ಅಕ್ಷರ (ಯು+200ಸಿ) ಹಾಕಬೇಕು. ಅಂತಿಮ ಪಿಡಿಎಫ್‌ನಲ್ಲಿ ‘ರ್‍ಯಾಲಿ’ ಎಂಬ ಪದ ಸರಿಯಾಗಿ ಬಂದಿದೆಯೇ ನೋಡಿ. ಅದು ಸರಿಯಿದ್ದರೆ ಉಳಿದವೂ ಬಹುಪಾಲು ಸರಿ. ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಪುಟ, ಅಳತೆ, ಕಾಗದ?

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರಿಂದ ಭಾಗವಾಗಬೇಕು. 24 ಪುಟ ಹಿತ: 1ನೇ ಪುಟ ಶೀರ್ಷಿಕೆ, 2–3ರಿಂದ 22–23ರವರೆಗೆ ಹನ್ನೊಂದು ಹರವು, 24ನೇ ಪುಟದಲ್ಲಿ ಕಾರಿನ ಭಾಗಗಳ ಹೆಸರು. ಪ್ರಕಾಶನದ ವಿವರ ರಕ್ಷಾಪುಟದ ಒಳಬದಿಗೆ. 20×30 ಇಂಚಿನ ಕಾಗದದಿಂದ ಕತ್ತರಿಸಿದ 7.25×9.5 ಇಂಚಿನ ಪುಸ್ತಕದಲ್ಲಿ ಒಂದು ಹಾಳೆಗೆ 16 ಪುಟ, ಅಂದರೆ ಪ್ರತಿಗೆ ಒಂದೂವರೆ ಹಾಳೆ, ಪೋಲು ಕಡಿಮೆ. 18×23 ಹಾಳೆಯಿಂದ 8.5 ಇಂಚಿನ ಚೌಕ ಪುಸ್ತಕ ಮಾಡಿದರೆ ನೂರಕ್ಕೆ ಸುಮಾರು 30ರಷ್ಟು ಕಾಗದ ಕಸಕ್ಕೆ. ಕಾರು ಉದ್ದನೆಯ ವಸ್ತು, ಹರವಿನಲ್ಲಿ ಅದಕ್ಕೆ 14 ಇಂಚು ಸಿಗುತ್ತದೆ, ಚೌಕ ಬೇಕೇ ಬೇಕೆಂದಿಲ್ಲ.

ಒಳಪುಟಕ್ಕೆ 130–150 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಟ್ ಆರ್ಟ್ ಕಾಗದ, ರಕ್ಷಾಪುಟಕ್ಕೆ 250–300. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟಿನ ಕೆಳಗೆ ಓದುವಾಗ ಅರ್ಧ ಚಿತ್ರ ಕಾಣುವುದಿಲ್ಲ. ಚಿತ್ರ 300 ಡಿಪಿಐ, ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ರಮ), ನಾಲ್ಕೂ ಅಂಚಿಗೆ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಚಿತ್ರ). ಮಡಿಕೆಯ ಮೇಲೆ ಮುಖವಾಗಲಿ, ಅಕ್ಷರವಾಗಲಿ, ಚಕ್ರದ ನಡುಭಾಗವಾಗಲಿ ಬೀಳಬಾರದು. ಬಾಗಿಲು ಬಿದ್ದರೆ ಪರವಾಗಿಲ್ಲ. ಕಪ್ಪು ಕಾರು ಬಿಡಿಸುವವರು ನಾಲ್ಕೂ ಶಾಯಿಯನ್ನು ಪೂರ್ತಿ ತುಂಬಬೇಡಿ, ಒಣಗದೆ ಎದುರು ಪುಟಕ್ಕೆ ಅಂಟುತ್ತದೆ.

ನವೆಂಬರ್ 1ಕ್ಕೆ ಬಿಡುಗಡೆ ಎಂದುಕೊಂಡಿದ್ದೇವೆ. ಮುದ್ರಣ ಯಾವಾಗ?

ಏಪ್ರಿಲ್‌ನಲ್ಲೇ ಮುಗಿಸಿ. ಮುಂಬಯಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ಶಾಯಿ ನಿಧಾನ ಒಣಗುತ್ತದೆ, ಲ್ಯಾಮಿನೇಷನ್ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಮುದ್ರಿಸಿದ ಪ್ರತಿಗಳನ್ನು ಮಳೆಗಾಲ ಕಳೆಯುವವರೆಗೆ ಪ್ಲಾಸ್ಟಿಕ್ ಸುತ್ತಿ, ನೆಲಕ್ಕೆ ತಾಗದಂತೆ, ಗೋಡೆಯಿಂದ ದೂರ ಇಡಿ. 300 ಪ್ರತಿಯೊಳಗೆ ಡಿಜಿಟಲ್, ಸಾವಿರಕ್ಕೆ ಆಫ್‌ಸೆಟ್. ನಡುವಿನ ಸಂಖ್ಯೆಗೆ ಎರಡರದ್ದೂ ದರ ಕೇಳಿ.

ಐಎಸ್‌ಬಿಎನ್, ತೆರಿಗೆ, ಗ್ರಂಥಾಲಯದ ಪ್ರತಿಗಳು?

ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಅನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಆರು ಪುಸ್ತಕಕ್ಕೆ ಆರು ಸಂಖ್ಯೆ ಬೇಕು. ಮಕ್ಕಳ ಚಿತ್ರಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸಲ್ಲಬೇಕು. ಅವುಗಳಲ್ಲೊಂದು ಮುಂಬಯಿಯ ಟೌನ್ ಹಾಲ್‌ನಲ್ಲೇ ಇದೆ.

ಕಂಪನಿಯ ಹೆಸರು, ಲಾಂಛನ ಬಳಸಬಹುದೇ? ಅಂತರ್ಜಾಲದ ಫೋಟೊ ನೋಡಿ ಬಿಡಿಸಬಹುದೇ?

ಲಾಂಛನ ಬಿಡಿಸಬೇಡಿ, ಪುಸ್ತಕದ ಹೆಸರಿನಲ್ಲಿ ಕಂಪನಿಯ ಹೆಸರು ಬೇಡ. ಕಾರಿಗೆ ನೀವೇ ಒಂದು ಹೆಸರಿಡಿ. ಫೋಟೊ ವಿಷಯದಲ್ಲಿ, ಒಂದೇ ಫೋಟೊವನ್ನು ಹಾಗೇ ನಕಲಿಸಿದರೆ ಅದು ತೆಗೆದವರ ಹಕ್ಕಿಗೆ ಧಕ್ಕೆ. ಭಾರತದಲ್ಲಿ ಫೋಟೊದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಲವು ಕೋನಗಳನ್ನು ನೋಡಿ ರಚನೆ ಅರಿತು ಬಿಡಿಸುವುದೇ ಸರಿ. ಚಿತ್ರಕಾರರ ಜೊತೆ ಬರಹದ ಒಪ್ಪಂದ ಇರಲಿ: ಆರು ಪುಸ್ತಕಕ್ಕೂ, ಮರುಮುದ್ರಣಕ್ಕೂ, ಬೇರೆ ಭಾಷೆಯ ಆವೃತ್ತಿಗೂ ಸೇರಿಸಿ.

ಒಂದು ತರಗತಿಗೆ ಓದಿ ಹೇಳುವುದು ಹೇಗೆ?

ಒಂಬತ್ತೂವರೆ ಇಂಚಿನ ಪುಸ್ತಕ ಹನ್ನೆರಡು ಮಕ್ಕಳಿಗೆ ಮಾತ್ರ ಕಾಣುತ್ತದೆ, ಅದೂ ಅರ್ಧವೃತ್ತದಲ್ಲಿ ಹತ್ತಿರ ಕೂತರೆ. ಹೆಚ್ಚು ಮಕ್ಕಳಿದ್ದರೆ ಎರಡು ಗುಂಪು ಮಾಡಿ. ಮೊದಲ ಸಲ ನಿಲ್ಲದೆ ಓದಿ. ಎರಡನೆಯ ಸಲ ಸದ್ದಿನ ಪದಗಳನ್ನು ಮಕ್ಕಳಿಗೇ ಬಿಡಿ: ಒಂದು ಸಾಲಿನವರು ಹಾರ್ನ್, ಇನ್ನೊಂದು ಸಾಲಿನವರು ಎಂಜಿನ್. ಮೂರನೆಯ ಸಲ ‘ಈಗ ಏನು ಮಾಡಬೇಕು?’ ಎಂದು ಕೇಳಿ ಪುಟ ತಿರುಗಿಸುವ ಮೊದಲು ಕಾಯಿರಿ. ಉತ್ತರ ಮರಾಠಿಯಲ್ಲೋ ತುಳುವಿನಲ್ಲೋ ಬಂದರೆ ತಿದ್ದಬೇಡಿ, ಅದನ್ನೇ ಕನ್ನಡದಲ್ಲಿ ಹೇಳಿ ಮುಂದಕ್ಕೆ ಹೋಗಿ. ಹ್ಯಾಂಡಲ್ ತಿರುಗಿಸುವುದು, ಮುಚ್ಚಳ ತೆಗೆಯುವುದು, ಓಡುವ ಕಾರಿನ ಫುಟ್‌ಬೋರ್ಡಿನಲ್ಲಿ ನಿಲ್ಲುವುದು ಮಾಡಬಾರದ್ದು ಎಂದು ಆಟದ ನಡುವೆಯೇ ಹೇಳಿಬಿಡಿ.

ನಿಜವಾದ ಹಳೆಯ ಕಾರನ್ನು ಮಕ್ಕಳಿಗೆ ಎಲ್ಲಿ ತೋರಿಸುವುದು?

ಮುಂಬಯಿಯ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್‌ನ ರ್‍ಯಾಲಿಗಳು ಹಲವು ಸಲ ಹಾರ್ನಿಮನ್ ಸರ್ಕಲ್‌ನಿಂದ ಹೊರಟಿವೆ; ಹೊರಡುವ ಮೊದಲು ಕಾರುಗಳು ಸಾಲಾಗಿ ನಿಂತಿರುವ ಹೊತ್ತೇ ನೋಡಲು ಒಳ್ಳೆಯದು, ಓಡುವಾಗ ಒಂದು ಕ್ಷಣವೂ ಸಿಗುವುದಿಲ್ಲ. ಮುಟ್ಟುವ ಮೊದಲು ಮಾಲೀಕರನ್ನು ಕೇಳಿ. ರಜೆಗೆ ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹಾಲಯ, ಮೈಸೂರು ಕಡೆಯವರಿಗೆ ಶ್ರೀರಂಗಪಟ್ಟಣ ಬಳಿಯ, 2023ರಲ್ಲಿ ತೆರೆದ ಪಯಣ ಸಂಗ್ರಹಾಲಯ. ಹೋಗುವಾಗ 24ನೇ ಪುಟದ ಭಾಗಗಳ ಪಟ್ಟಿಯ ನಕಲು, ಒಂದು ಪೆನ್ಸಿಲ್ ಮಗುವಿನ ಕೈಯಲ್ಲಿರಲಿ: ಹ್ಯಾಂಡಲ್ ಹಾಕುವ ತೂತು, ಕಡ್ಡಿಯ ಚಕ್ರ, ಹೊರಚಾಚುವ ಕೈ, ರಬ್ಬರ್ ಹಾರ್ನ್, ಸ್ಟೆಪ್ನಿ, ಕಂಡದ್ದಕ್ಕೆಲ್ಲ ಗುರುತು ಹಾಕುತ್ತ ಹೋಗಲಿ.